ಮುಷ್ಟಿಮಲ್ಲ ಜೋ ಲೂಯಿಸ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಶ್ರೋತೃಗಳಿಗೆ ಮಲ್ಲವಿದ್ಯೆಯ ವಿಚಾರವಾಗಿ ನಾವು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಗರಡಿಯ ಕೆಮ್ಮಣ್ಣು, ಉಸ್ತಾದರ ಗದರಿಕೆ, ಜಾತ್ರೆಯ ಕಣದಲ್ಲಿ ಗೆದ್ದವನ ಕೈಗೇರುವ ಬೆಳ್ಳಿಯ ಕಡಗ, ಇವೆಲ್ಲ ಅವರಿಗೆ ಮನೆಯ ಮಾತು. ಆದರೆ ಎದುರಾಳಿಯನ್ನು ಚಿತ್ತು ಮಾಡುವುದರ ಬದಲು ಗುದ್ದಿ ಕೆಡಹುವ ಮುಷ್ಟಿಯುದ್ಧವು ನಮ್ಮ ಜನಕ್ಕೆ ಅಷ್ಟು ಪರಿಚಿತವಲ್ಲ. ಮೈಸೂರು ದಸರೆಯಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು ಆಡುವ ವಜ್ರಮುಷ್ಟಿ ಕಾಳಗವೇ ಅದಕ್ಕೆ ಹತ್ತಿರದ್ದು. ಅಲ್ಲಾದರೋ ನೆತ್ತಿಯಲ್ಲಿ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ಪಶ್ಚಿಮದವರದು ಹಾಗಲ್ಲ. ಬಿದ್ದವನು ಹತ್ತೆಣಿಸುವುದರೊಳಗೆ ಎದ್ದು ನಿಂತರೆ ಮತ್ತೆ ಗುದ್ದು ತಿನ್ನಬೇಕು.

ಈ ವಿದ್ಯೆಯಲ್ಲಿ ಮೈತೂಕಕ್ಕೆ ಮಿತಿಯಿಲ್ಲದ ಹೆವಿವೇಟ್ ಪಟ್ಟವೇ ದೊಡ್ಡದು. ಅದನ್ನು 1937ರಿಂದ 1949ರವರೆಗೆ ಹಿಡಿದು, 25 ಬಾರಿ ಉಳಿಸಿಕೊಂಡವನು ಅಮೆರಿಕದ ನೀಗ್ರೋ ಮಲ್ಲ ಜೋ ಲೂಯಿಸ್. 1914ರ ಮೇ 13ರಂದು ಅಲಬಾಮಾ ಸಂಸ್ಥಾನದ ಹತ್ತಿಯ ಸೀಮೆಯಲ್ಲಿ, ಪಾಲಿಗೆ ಹೊಲ ಮಾಡುವ ಬಡ ಸಂಸಾರದಲ್ಲಿ ಹುಟ್ಟಿದ. ಸಂಸಾರ ಡೆಟ್ರಾಯಿಟ್ ಪಟ್ಟಣಕ್ಕೆ ವಲಸೆ ಹೋಯಿತು. ಪಿಟೀಲು ಕಲಿಯಲೆಂದು ತಾಯಿ ಕೊಟ್ಟ ಕಾಸನ್ನು ಹುಡುಗ ವ್ಯಾಯಾಮಶಾಲೆಗೆ ಸುರಿದನಂತೆ. ಸಂಗೀತಕ್ಕೆ ಅದರಿಂದ ಎಷ್ಟು ನಷ್ಟವಾಯಿತೋ ನಾವು ಹೇಳಲಾರೆವು!

ಜಾಕ್ ಜಾನ್ಸನ್ 1915ರಲ್ಲಿ ಪಟ್ಟ ಕಳೆದುಕೊಂಡ ಮೇಲೆ, 22 ವರ್ಷಗಳ ಕಾಲ ಅವನ ಜನಾಂಗದವರಾರಿಗೂ ಅದಕ್ಕಾಗಿ ಸೆಣಸುವ ಅವಕಾಶವನ್ನೇ ಕೊಟ್ಟಿರಲಿಲ್ಲ. ಲೂಯಿಸನ ದಾರಿಯಲ್ಲಿಯೂ ಒಂದು ಸೋಲು ಅಡ್ಡ ಬಂದಿತು. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಅವನನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡಹಿದ. ಹಿಟ್ಲರನ ಕಡೆಯವರು ಇದನ್ನು ತಮ್ಮ ಜನಾಂಗದ ಗೆಲವೆಂದು ಡಂಗುರ ಹೊಡೆದರು. ಮರುವರ್ಷ ಲೂಯಿಸನು ಬ್ರಾಡಕ್ಕನನ್ನು ಸೋಲಿಸಿ ಪಟ್ಟವೇರಿದನಾದರೂ, ಷ್ಮೆಲಿಂಗನನ್ನು ಗೆಲ್ಲುವವರೆಗೆ ಅದು ತನ್ನದೆನ್ನಿಸದೆಂದು ಹೇಳುತ್ತಿದ್ದ.

1938ರ ಜೂನ್ 22ರಂದು ನ್ಯೂಯಾರ್ಕಿನಲ್ಲಿ ಇಬ್ಬರೂ ಮತ್ತೆ ಎದುರಾದರು. ಸುತ್ತ ಸುಮಾರು 70,000 ಪ್ರೇಕ್ಷಕರು. ರೇಡಿಯೋದ ಮುಂದೆ ಕೋಟಿಗಟ್ಟಲೆ ಜನ. ಇಂಗ್ಲಿಷು, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳಲ್ಲಿ ವರ್ಣನೆ ಹರಿಯಿತು. ವರ್ಣಿಸುವವರಿಗೆ ಹೆಚ್ಚು ಕೆಲಸವೇ ಉಳಿಯಲಿಲ್ಲ: 124 ಸೆಕೆಂಡುಗಳಲ್ಲಿ ಎಲ್ಲ ಮುಗಿಯಿತು. ತನ್ನ ನಾಡಿನಲ್ಲಿ ಬಿಳಿಯರ ಜೊತೆ ಊಟಕ್ಕೆ ಕೂರಲು ಎಷ್ಟೋ ಕಡೆ ಹಕ್ಕಿಲ್ಲದವನನ್ನು ಆ ರಾತ್ರಿ ಬಿಳಿಯರೂ ತಮ್ಮವನೆಂದರು.

ಯುದ್ಧಕಾಲದಲ್ಲಿ ಎರಡು ಪಂದ್ಯಗಳ ಸಂಪಾದನೆಯನ್ನು ನೌಕಾದಳ ಮತ್ತು ಭೂಸೇನೆಗಳ ಪರಿಹಾರ ನಿಧಿಗಳಿಗೆ ಕೊಟ್ಟು, ತಾನೂ ಸೈನ್ಯ ಸೇರಿದ. ಆ ಹಣವನ್ನೂ ಅವನ ವರಮಾನವೆಂದೇ ಎಣಿಸಿ ಸರ್ಕಾರ ತೆರಿಗೆ ಕೇಳಿತು. ನಮ್ಮ ಹಳ್ಳಿಯ ಪೈಲ್ವಾನನಿಗೆ ತೋಳು ಸೋತ ಮೇಲೆ ಒಮ್ಮೊಮ್ಮೆ ಉಳಲು ಹೊಲವಾದರೂ ಇರುತ್ತದೆ. ಲಕ್ಷಗಟ್ಟಲೆ ಗಳಿಸಿದ ಈತನಿಗೆ ಉಳಿದದ್ದು ಸಾಲ. ಕೈ ಬಿಚ್ಚಿ ಖರ್ಚು ಮಾಡುವ ಸ್ವಭಾವವೂ ಅದಕ್ಕೆ ಕಾರಣವೆನ್ನಬೇಕು. ನಿವೃತ್ತನಾದವನು ತೆರಿಗೆ ತೀರಿಸಲು ಮತ್ತೆ ಕಣಕ್ಕಿಳಿದು, 1950ರಲ್ಲಿ ಎಜರ್ಡ್ ಚಾರ್ಲ್ಸನಿಗೂ 1951ರಲ್ಲಿ ರಾಕಿ ಮಾರ್ಸಿಯಾನೋಗೂ ಸೋತ. ಕಡೆಗಾಲದಲ್ಲಿ ಲಾಸ್ ವೇಗಸ್ಸಿನ ಜೂಜುಮನೆಯೊಂದರಲ್ಲಿ ಅತಿಥಿಗಳ ಕೈಕುಲುಕಿ ಸ್ವಾಗತಿಸುವುದು ಅವನ ಉದ್ಯೋಗವಾಯಿತು.

1981ರ ಏಪ್ರಿಲ್ 12ರಂದು ಲೂಯಿಸ್ ತೀರಿಕೊಂಡ. ಆರ್ಲಿಂಗ್ಟನ್ನಿನ ಸೈನಿಕರ ಸ್ಮಶಾನದಲ್ಲಿ ನಡೆದ ಅಂತ್ಯಕ್ರಿಯೆಯ ವೆಚ್ಚಕ್ಕೆ ನೆರವಾದವರಲ್ಲಿ, ಆ ವೇಳೆಗೆ ಅವನ ಹಳೆಯ ಗೆಳೆಯನಾಗಿದ್ದ ಮ್ಯಾಕ್ಸ್ ಷ್ಮೆಲಿಂಗನೂ ಒಬ್ಬ.