ರೋಗಾಣುವಿನ ಡಬ್ಬಾವಾಲಾ

ನಾನು ಓದಿದ್ದು ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ ಎಂ.ಟೆಕ್., ಮಾಡುವ ಕೆಲಸ ಐಟಿ. ಇವತ್ತಿನ ಮಾತು ಮಾತ್ರ ಒಂದು ರೋಗಾಣುವಿನದು.

1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು. ಅದರ ಬೆನ್ನಿಗೇ ನೂರಕ್ಕೂ ಹೆಚ್ಚು ಜನರಿಗೆ ನ್ಯುಮೋನಿಯಾ ಬಂತು; ಸುಮಾರು 30 ಮಂದಿ ತೀರಿಕೊಂಡರು. ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾದದ್ದು 1977ರಲ್ಲಿ. ಅದರ ಹೆಸರು ಲೀಜಿಯೊನೆಲ್ಲಾ. ಅದು ನೀರಿನಲ್ಲಿರುತ್ತದೆ. ದೊಡ್ಡ ಕಟ್ಟಡಗಳ ಎಸಿಯ ಕೂಲಿಂಗ್ ಟವರ್, ಶವರ್ ಇವುಗಳ ತುಂತುರಿನ ಜೊತೆ ನಮ್ಮ ಶ್ವಾಸಕೋಶ ಸೇರಬಲ್ಲದು.

ಅಲ್ಲಿ ನಮ್ಮ ರಕ್ಷಕ ಜೀವಕೋಶಗಳು ಅದನ್ನು ನುಂಗುತ್ತವೆ. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಒಳಗೆ ಹೋದ ಬ್ಯಾಕ್ಟೀರಿಯಾ ತನ್ನ 300ಕ್ಕೂ ಹೆಚ್ಚು ಬಗೆಯ ಪ್ರೋಟೀನ್‌ಗಳನ್ನು ಒಂದು ಸುರಂಗದ ಮೂಲಕ ನಮ್ಮ ಜೀವಕೋಶದೊಳಕ್ಕೆ ತಳ್ಳುತ್ತದೆ. ಕೊಲ್ಲಬೇಕಾದ ಜಾಗವೇ ರೋಗಾಣುವಿಗೆ ಬಾಣಂತಿ ಕೋಣೆಯಾಗುತ್ತದೆ!

ಇಷ್ಟೊಂದು ಪ್ರೋಟೀನ್‌ಗಳು ಸುರಂಗದ ಬಾಯಿಗೆ ಬರುವುದು ಹೇಗೆ? ಮುಂಬೈಯವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ಅಡುಗೆ ಮಾಡುವವರು ಬೇರೆ, ಉಣ್ಣುವವರು ಬೇರೆ, ಡಬ್ಬಿಯನ್ನು ಸ್ಟೇಷನ್ ಮುಟ್ಟಿಸುವವರು ಬೇರೆ. ಕೆಲವು ಪ್ರೋಟೀನ್‌ಗಳು ತಮ್ಮ ಬಾಲದಲ್ಲಿರುವ ಗುರುತಿನಿಂದಲೇ ದಾರಿ ಹಿಡಿಯುತ್ತವೆ. ಉಳಿದ ಹಲವಕ್ಕೆ ಐಸಿಎಂ-ಎಸ್, ಐಸಿಎಂ-ಡಬ್ಲ್ಯು ಎಂಬ ಪುಟ್ಟ ಜೋಡಿಯ ನೆರವು ಬೇಕು. ಇವೇ ಅಡಾಪ್ಟರ್ ಪ್ರೋಟೀನ್‌ಗಳು. ಸರಕನ್ನು ಹಿಡಿದು, ಸುರಂಗದ ಬಾಯಲ್ಲಿರುವ ಡಾಟ್-ಎಲ್ ಎಂಬ ಪ್ರೋಟೀನ್‌ಗೆ ಒಪ್ಪಿಸುವುದು ಇವುಗಳ ಕೆಲಸ. ನಮ್ಮ ಡಬ್ಬಾವಾಲಾಗಳು ಅನ್ನ ತರುತ್ತಾರೆ, ಇವು ಕೇಡು ತರುತ್ತವೆ, ಅಷ್ಟೇ ವ್ಯತ್ಯಾಸ.

ಪ್ರಯೋಗಾಲಯದಲ್ಲಿ ಈ ಜೋಡಿಯ ಜೀನ್‌ಗಳನ್ನು ತೆಗೆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಆದರೆ ನಮ್ಮ ರಕ್ಷಕ ಜೀವಕೋಶದೊಳಗೆ ಸರಿಯಾಗಿ ಬೆಳೆಯಲಾರದು. ವಿಜ್ಞಾನಿಗಳ ಆಸೆ ಇರುವುದು ಇಲ್ಲೇ. ಆಂಟಿಬಯಾಟಿಕ್‌ನಿಂದ ದುರ್ಬಲವಾದವು ಸಾಯುತ್ತವೆ, ಅದನ್ನು ತಡೆದುಕೊಂಡವು ಉಳಿದು ಹೆಚ್ಚುತ್ತವೆ. ಕೊಲ್ಲುವ ಬದಲು ಸಾಗಣೆಯನ್ನಷ್ಟೇ ನಿಲ್ಲಿಸಿದರೆ, ಉಳಿದ ಕೆಲಸವನ್ನು ನಮ್ಮ ದೇಹವೇ ಮಾಡೀತು ಎಂಬುದು ಲೆಕ್ಕಾಚಾರ.

ಅಂಥ ಔಷಧ ಬರುವ ತನಕ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಸೊಸೈಟಿಯ ಟ್ಯಾಂಕ್ ಕಾಲಕಾಲಕ್ಕೆ ತೊಳೆಸೋಣ. ರಜೆಗೆ ಊರಿಗೆ ಹೋಗಿ ಬಂದ ದಿನ ನಲ್ಲಿ, ಶವರ್‌ಗಳ ನೀರನ್ನು ಸ್ವಲ್ಪ ಹೊತ್ತು ಹರಿಯಬಿಡೋಣ. ಡಾಕ್ಟರು ಬರೆದುಕೊಡದೆ ಆಂಟಿಬಯಾಟಿಕ್ ನುಂಗುವುದು ಬೇಡ. ಈಗ ನಮ್ಮ ಹತ್ತಿರ ಇರುವ ಮದ್ದು ಮುಂದೆ ನಮ್ಮ ಮಕ್ಕಳಿಗೂ ಕೆಲಸ ಮಾಡಬೇಕಲ್ಲ.