ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮೊದಲು
(ಎಗ್ಮೋರಿನಲ್ಲಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪೊಂದು ಧೂಳು ತಿನ್ನುತ್ತಿದೆ. ತಮಿಳುನಾಡು ಸರ್ಕಾರವು 2011ರಿಂದ ವಿದ್ಯಾರ್ಥಿಗಳಿಗೆ ಉಚಿತವಾಗಿ ಹಂಚಿದವುಗಳೂ ಅದರಲ್ಲುಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವು ನಿಂತಿತು. ವಿಂಡೋಸ್ 11 ಇಂಥ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಹೊಸದನ್ನೇ ಕೊಳ್ಳಿರೆಂದು ಅಂಗಡಿಯವರು ಹೇಳುತ್ತಾರೆ. ಮಕ್ಕಳ ಓದಿಗೆಂದು ನಾವು ಮುಂಗಡ ಸಂಬಳ ಕೇಳಿ ಯಜಮಾನರ ಮುಂದೆ ಕೈಕಟ್ಟಿ ನಿಲ್ಲುತ್ತೇವೆ.

ಅಷ್ಟು ಅವಸರ ಬೇಡ. ನಿಧಾನದ ಮೂಲವು ಬಹುಮಟ್ಟಿಗೆ ಹಾರ್ಡ್ ಡಿಸ್ಕಿನಲ್ಲಿದೆ. ಅದರ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಓದುವ ಮುಳ್ಳು ಒಬ್ಬನೇ ಮಾಣಿ ಹತ್ತು ಮೇಜಿಗೆ ಓಡುವಂತೆ ಅತ್ತಿತ್ತ ಓಡುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಎರಡೂವರೆ ಅಂಗುಲದ ಸಾಟಾ ಎಸ್‌ಎಸ್‌ಡಿಯು ಅನೇಕ ಹಳೆಯ ಯಂತ್ರಗಳಲ್ಲಿ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುತ್ತದೆ. ಇಲ್ಲಿಂದ ದೂರವಲ್ಲದ ರಿಚಿ ಸ್ಟ್ರೀಟಿನಲ್ಲಿ ದೊರೆಯುತ್ತದೆ. ನಾಲ್ಕು ಅಂಗಡಿ ವಿಚಾರಿಸಿ, ರಸೀತಿ ಬಿಡಬೇಡಿ.

ಅದರ ಮೇಲೆ ಲಿನಕ್ಸ್ ಹಾಕಬೇಕು. ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ್ದನ್ನು ಸಾವಿರಾರು ಜನ ಸೇರಿ ಬೆಳೆಸಿದ್ದಾರೆ. ಕಾಸು ಕೊಡಬೇಕಿಲ್ಲ, ಕದ್ದ ಮಾಲೂ ಅಲ್ಲ. ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯು 4 ಜಿಬಿ ಮೆಮೊರಿಯಲ್ಲಿ ಸರಾಗವಾಗಿ ನಡೆಯುತ್ತದೆ. ಲಿಬ್ರೆ ಆಫೀಸಿನಲ್ಲಿ ನಮ್ಮ ಅರ್ಜಿಗಳನ್ನು ಕನ್ನಡದಲ್ಲೇ ಬರೆಯಬಹುದು. ಈ ಊರಿನಲ್ಲಿ ಅದೇನು ಸಣ್ಣ ಮಾತೇ!

ಎಲ್ಲಕ್ಕೂ ಇದು ಮದ್ದಲ್ಲ. ಹೋಟೆಲಿನ ಲೆಕ್ಕ ಬರೆಯುವವರ ಟ್ಯಾಲಿಯು ವಿಂಡೋಸಿಗಾಗಿ ಮಾಡಿದ್ದು. ಸತ್ತ ಬ್ಯಾಟರಿಯೂ ಬದುಕುವುದಿಲ್ಲ. ಬಿಚ್ಚುವ ಮೊದಲು ಫೋಟೋ, ಅಂಕಪಟ್ಟಿಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿರಿ. ಯಂತ್ರದೊಂದಿಗೆ 8 ಜಿಬಿಯ ಪೆನ್ ಡ್ರೈವ್ ತನ್ನಿರಿ. ಮಕ್ಕಳನ್ನೂ ಕರೆತನ್ನಿರಿ, ತಿರುಪು ಬಿಚ್ಚುವುದನ್ನು ಅವರೇ ಮಾಡಲಿ.