ಹುಟ್ಟಿದ ಮನೆಯನ್ನು ಬಿಟ್ಟುಕೊಡುವುದು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಹಿರಿಯರ ಸಮಾವೇಶದಲ್ಲಿ ಮಾಡಿದ ಭಾಷಣ)



ಶತಮಾನೋತ್ಸವವೆಂದರೆ ನೆನಪಿನ ಹಬ್ಬ. ಅಂತೆಯೇ ವಯಸ್ಸಾದ ನಾನು ಹಳೆಯ ನೆನಪುಗಳನ್ನು ಹೇಳಬೇಕೆಂದು ಗುರುಗಳ ಅಪ್ಪಣೆಯಾಗಿದೆ. ಎಪ್ಪತ್ತೊಂಬತ್ತರ ಮುದುಕನಿಗೆ ನೆನಪು ಹೇಳೆಂದರೆ ಹಸಿದವನಿಗೆ ಉಣ್ಣೆಂದಂತೆ. ಆರಂಭಿಸುವುದು ಸುಲಭ, ನಿಲ್ಲಿಸುವುದು ಕಷ್ಟ. ಆದರೆ ನೆನಪಿನ ಹಿರಿಮೆಯನ್ನು ಕೊಂಡಾಡಲು ನಾನು ನಿಂತಿಲ್ಲ. ನನ್ನ ನೆನಪುಗಳ ದೆಸೆಯಿಂದ ನನ್ನ ಅಕ್ಕನಿಗೆ ಒದಗಿದ ಕಷ್ಟವನ್ನು ನಿಮ್ಮೆದುರು ಹೇಳಿಕೊಳ್ಳಬೇಕಾಗಿದೆ. ಪಾಪನಿವೇದನೆಯಲ್ಲಿ ಇದನ್ನು ಎಂದೋ ಹೇಳಿಯಾಗಿದೆ; ಸಭೆಯಲ್ಲಿ ಹೇಳುತ್ತಿರುವುದು ಇದೇ ಮೊದಲು.

ನಮ್ಮ ತಂದೆ ರೈಲು ಹಳಿಯ ಗ್ಯಾಂಗಿನಲ್ಲಿ ದುಡಿಯುತ್ತಿದ್ದರು. ಮಿರಜದಿಂದ ಬೆಳಗಾವಿಗೆ ಹೋಗುವ ಮಾರ್ಗ ಆಗ ಮೀಟರ್ ಗೇಜ್. ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ 1944ರಲ್ಲಿ ಸರಕಾರದ ವಶಕ್ಕೆ ಬಂದಿದ್ದರೂ ನಮ್ಮ ಜನರ ಬಾಯಲ್ಲಿ ಅದು ಬಹುಕಾಲ ಎಂ.ಎಸ್.ಎಂ. ಆಗಿಯೇ ಉಳಿದಿತ್ತು. ಕುಡಚಿಯ ಬಳಿ ಆ ಮಾರ್ಗ ಕೃಷ್ಣೆಯನ್ನು ದಾಟುವ ಸೇತುವೆಗೆ ಅನತಿದೂರದ ಹಳ್ಳಿಯೊಂದರಲ್ಲಿ, ತಾಯಿಯ ತವರಿನವರು ಬಿಟ್ಟುಕೊಟ್ಟ ಜಾಗದಲ್ಲಿ, ತಂದೆ ಮನೆ ಕಟ್ಟಿದರು. ಕಲ್ಲಿನ ತಳಪಾಯ, ಮೊಳಕ್ಕಿಂತ ದಪ್ಪನಾದ ಮಣ್ಣಿನ ಗೋಡೆ, ಬೇವಿನ ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಪ್ರತಿ ಬೇಸಿಗೆಯ ಕೊನೆಗೆ ಮಾಳಿಗೆಗೆ ಹಾಳುಮಣ್ಣು ಹರಡಬೇಕು. ಒಂದು ವರ್ಷ ತಪ್ಪಿದರೂ ಮಳೆಗಾಲದಲ್ಲಿ ಮನೆಯೊಳಗೆ ತಪೇಲಿಗಳನ್ನು ಇಟ್ಟು ಸೋರುವ ನೀರನ್ನು ಹಿಡಿಯಬೇಕು. ಪಡಸಾಲೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿಯುತ್ತಿದ್ದ ಬಿಸಿಲಿನ ಕೋಲು ಗೋಡೆಯ ಮೇಲೆ ಎಲ್ಲಿಗೆ ಬಂದಿದೆಯೆಂದು ನೋಡಿ ನಾವು ಶಾಲೆಗೆ ಹೊರಡುತ್ತಿದ್ದೆವು.

ಈ ಸೀಮೆಯು ಆಗ ಪುಣೆ ಧರ್ಮಪ್ರಾಂತ್ಯಕ್ಕೆ ಸೇರಿತ್ತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ನನಗೆ ಏಳು ವರ್ಷ. ದೇವಾಲಯ ದೂರ, ಹೊಳೆಸಾಲಿನ ಹಳ್ಳಿಗಳಲ್ಲಿ ನಮ್ಮವರ ಮನೆಗಳು ಒಂದೊಂದೇ. ಆದಕಾರಣ ಗುರುಗಳು ವರ್ಷಕ್ಕೆ ಮೂರು ನಾಲ್ಕು ಸಲ ರೈಲಿನಿಂದ ಇಳಿದು, ಪೂಜಾಸಾಮಗ್ರಿಯ ತಗಡಿನ ಪೆಟ್ಟಿಗೆಯನ್ನು ಗ್ಯಾಂಗಿನವರೊಬ್ಬರ ತಲೆಯ ಮೇಲೆ ಹೊರಿಸಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಪಡಸಾಲೆಯಲ್ಲಿ ಬಲಿಪೂಜೆ ನಡೆಯುತ್ತಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆ ಇನ್ನೂ ನೆರೆದಿರದ ಕಾಲವದು. ಗುರುಗಳು ಗೋಡೆಗೆ ಮುಖಮಾಡಿ ಲತೀನಿನಲ್ಲಿ ಪ್ರಾರ್ಥಿಸುವರು. ನಮಗೆ ಒಂದು ಮಾತೂ ತಿಳಿಯದು. ಆದರೂ ಎಲ್ಲವೂ ತಿಳಿದಂತೆ ಮೊಣಕಾಲೂರಿ ಇರುತ್ತಿದ್ದೆವು. ನನ್ನ ಪರಮಪ್ರಸಾದದ ಮೊದಲ ಸ್ವೀಕಾರ ಆ ಪಡಸಾಲೆಯಲ್ಲಿಯೇ ಆಯಿತು. ಇಂತಹ ಮನೆಯನ್ನು ಮನೆಯೆಂದಷ್ಟೇ ಹೇಗೆ ಎಣಿಸಲಿ?

ನಾನು ಓದಿ ಶಿಕ್ಷಕನಾಗಿ ನಿಪ್ಪಾಣಿಗೆ ಬಂದೆ. ತಂಬಾಕಿನ ವಖಾರಿಗಳ ಆ ಘಾಟು ಮೊದಲು ಮೂಗು ಸುಟ್ಟಿತು, ಕೊನೆಗೆ ಗಮನಕ್ಕೂ ಬಾರದಂತಾಯಿತು. 2004ರಲ್ಲಿ ನಿವೃತ್ತನಾದೆ. ಅಕ್ಕ ನನಗಿಂತ ನಾಲ್ಕು ವರ್ಷ ಹಿರಿಯಳು. ಸಣ್ಣ ವಯಸ್ಸಿನಲ್ಲೇ ವಿಧವೆಯಾಗಿ ತವರಿಗೆ ಮರಳಿದಳು; ತಂದೆ ತಾಯಿಗಳ ಸೇವೆ ಮಾಡಿದಳು; ಅವರು ತೀರಿಕೊಂಡ ಮೇಲೂ ಅಲ್ಲಿಯೇ ಉಳಿದಳು. ನಾನು ಕ್ರಿಸ್ತಜಯಂತಿಗೆ, ನವೆಂಬರ್ 2ರಂದು ಮೃತರ ಸ್ಮರಣೆಗೆ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಯಾವುದನ್ನೂ ಬದಲಿಸಬೇಡವೆಂದು ಅವಳಿಗೆ ಹೇಳಿ ಬರುತ್ತಿದ್ದೆ. ಬೀಸುವ ಕಲ್ಲು ಅಲ್ಲಿಯೇ ಇರಲಿ, ತಲಬಾಗಿಲಿಗೆ ಬಣ್ಣ ಬೇಡ, ಮಾಳಿಗೆ ತೆಗೆದು ಪತ್ರಾಸು ಹಾಕುವ ಮಾತೇ ಬೇಡ. ಹಣ ಕಳಿಸುತ್ತಿದ್ದೆನೆಂಬುದು ನಿಜ. ಹಾಳುಮಣ್ಣಿನ ಬುಟ್ಟಿ ಹೊತ್ತು ಏಣಿ ಏರಿದವನು ನಾನಲ್ಲ.

ಕೃಷ್ಣೆಯ ನೆರೆ ವಿಚಿತ್ರವಾದುದು. ಅಥಣಿಯ ಕಡೆಗೆ ಬರಗಾಲ ಹೊಸತಲ್ಲ. ಆಕಾಶ ಬರಿದಾಗಿದ್ದರೂ ಮೇಲೆ ಮಹಾಬಳೇಶ್ವರ, ಕೊಯ್ನಾ ಸೀಮೆಯಲ್ಲಿ ಮಳೆ ಸುರಿದರೆ ಇಲ್ಲಿ ಹೊಳೆ ಉಕ್ಕುತ್ತದೆ. 2005ರ ನೆರೆಯಲ್ಲಿ ನೀರು ನಮ್ಮ ಕಟ್ಟೆಯವರೆಗೆ ಬಂದು ನಿಂತಿತು. ಅನಂತರ ಎತ್ತರದ ಜಾಗದಲ್ಲಿ ನಿವೇಶನ ದೊರೆಯುವ ಸಂದರ್ಭ ಒದಗಿತು. ಹಳೆಯ ಮನೆಯ ಉತಾರ ತಂದೆಯ ಹೆಸರಿನಲ್ಲಿಯೇ ಇದ್ದುದರಿಂದ ಅದನ್ನು ಬಿಟ್ಟುಕೊಡಲು ನನ್ನ ಸಹಿಯೂ ಬೇಕಾಗಿತ್ತು. ಅಕ್ಕ ಕಾಗದ ಹಿಡಿದುಕೊಂಡು ಬಸ್ಸಿನಲ್ಲಿ ನಿಪ್ಪಾಣಿಗೆ ಬಂದಳು. ನಾನು ಬಲಿಪೂಜೆ ನಡೆದ ಪಡಸಾಲೆಯ ಮಾತನ್ನೆತ್ತಿದೆ. ತಂದೆಯ ಬೆವರಿನ ಮಾತನ್ನೆತ್ತಿದೆ. ಅವಳು ಎಲ್ಲವನ್ನೂ ಕೇಳಿ ಹೇಳಿದ್ದು ಇಷ್ಟೇ: "ತಮ್ಮಾ, ನೀ ವರ್ಷಕ್ಕ ಎರಡ ಸಲ ಆ ಮನಿ ನೋಡಾಕ ಬರ್ತಿ. ನಾ ಅದರಾಗ ಇರ್ತೀನಿ." ನಾನು ಸಹಿ ಹಾಕಲಿಲ್ಲ. ಅವಳು ಕಾಗದವನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದಳು.

ಹದಿನಾಲ್ಕು ವರ್ಷ ಕಳೆಯಿತು. 2019ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕುಡಿಯುವ ನೀರಿಗೆ ಹಾಹಾಕಾರವಾದುದು ನಿಮಗೆಲ್ಲ ನೆನಪಿದೆ. ಅದೇ ಹೊಳೆ ಆಗಸ್ಟಿನ ಮೊದಲ ವಾರದಲ್ಲಿ ಉಕ್ಕಿತು. ಕುಡಚಿ-ಉಗಾರ ರಸ್ತೆಯ ಸೇತುವೆ ಮುಳುಗಿತು. ಯಡೂರು, ಇಂಗಳಿ, ಮಾಂಜರಿ, ಜುಗೂಳ, ಸಪ್ತಸಾಗರ ಮೊದಲಾದ ಊರುಗಳ ಜನ ದನಕರುಗಳೊಡನೆ ಮನೆ ಬಿಟ್ಟರು. ಎಪ್ಪತ್ತೇಳು ವಯಸ್ಸಿನ ನನ್ನ ಅಕ್ಕನನ್ನು ರಾತ್ರಿಯ ಹೊತ್ತು ದೋಣಿಯಲ್ಲಿ ಕೂರಿಸಿ ಹೊರತಂದರು. ಆ ಎರಡು ದಿನ ಅವಳು ಬದುಕಿದ್ದಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ನಿಪ್ಪಾಣಿಯ ಮನೆಯಲ್ಲಿ ಕುಳಿತು ಜಪಸರ ಹಿಡಿದರೂ ಬಾಯಿಗೆ ಪ್ರಾರ್ಥನೆ ಬರಲಿಲ್ಲ. ಅವಳು ಮಡಿಚಿಟ್ಟುಕೊಂಡ ಆ ಕಾಗದವೇ ಕಣ್ಣ ಮುಂದೆ ಬರುತ್ತಿತ್ತು. ಮೂರನೆಯ ದಿನ ಶಾಲೆಯೊಂದರ ಪರಿಹಾರ ಕೇಂದ್ರದಿಂದ ಅವಳ ದನಿ ಕೇಳಿತು. ಅವಳು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮಣ್ಣಿನ ಮನೆ ನೀರು ನಿಂತಾಗ ಬೀಳುವುದಕ್ಕಿಂತ ನೀರು ಇಳಿದ ಮೇಲೆ ಬೀಳುವುದೇ ಹೆಚ್ಚು. ಬುಡ ನೆನೆದು ಮೆತ್ತಗಾಗಿರುತ್ತದೆ. ಮೇಲಿನ ಮಾಳಿಗೆಯ ಭಾರ ಹಾಗೆಯೇ ಇರುತ್ತದೆ. ನಾವು ಹೋಗುವ ವೇಳೆಗೆ ಪಡಸಾಲೆಯ ಮುಂಗೋಡೆ ಮಲಗಿತ್ತು, ಬೆಳಕಿಂಡಿ ಇದ್ದ ಕಡೆ ಆಕಾಶವೇ ಕಾಣುತ್ತಿತ್ತು. ನಾನು ಕೆಸರಿನಲ್ಲಿ ನಿಂತು ಪಡಸಾಲೆಯ ಉಳಿದ ಗೋಡೆಯಲ್ಲಿ ಶಿಲುಬೆಯ ಗೂಡನ್ನು ಹುಡುಕತೊಡಗಿದೆ. ಬೆಳಗಿನ ಬಿಸಿಲು ಬೆಳಕಿಂಡಿಯಿಂದ ಇಳಿದು ಆ ಗೂಡಿನ ಶಿಲುಬೆಯ ಮೇಲೆ ಬೀಳುತ್ತಿತ್ತೆಂದು ಧರ್ಮೋಪದೇಶದ ಮಕ್ಕಳಿಗೆ ನಲವತ್ತು ವರ್ಷ ಹೇಳಿದವನು ನಾನು. ಗೋಡೆಯಲ್ಲಿ ಗೂಡೇ ಇರಲಿಲ್ಲ. ಅಕ್ಕ ಕೈಹಿಡಿದು ನನ್ನನ್ನು ಒಳಗೆ ಕರೆದೊಯ್ದಳು. ಗೂಡು ಇದ್ದುದು ಅಡಿಗೆಮನೆಯ ಕತ್ತಲ ಮೂಲೆಯಲ್ಲಿ, ಬೀಸುವ ಕಲ್ಲಿನ ನೇರಕ್ಕೆ. ಅವ್ವ ನಸುಕಿನಲ್ಲಿ ಜೋಳ ಬೀಸುತ್ತ ಪ್ರಾರ್ಥನೆ ಹೇಳುತ್ತಿದ್ದುದು ಅದನ್ನು ನೋಡಿಕೊಂಡು. ಗುರುಗಳು ಬರುವ ದಿನ ಮಾತ್ರ ಶಿಲುಬೆಯನ್ನು ಪಡಸಾಲೆಗೆ ತಂದಿಡುತ್ತಿದ್ದರಂತೆ. ನಾನು ಹಬ್ಬದ ನಾಲ್ಕು ದಿನಗಳನ್ನು ನೆನಪಿಟ್ಟುಕೊಂಡು ಅದನ್ನೇ ಮನೆಯೆಂದು ಕರೆದಿದ್ದೆ. ಉಳಿದ ದಿನಗಳೆಲ್ಲ ಅಕ್ಕನಲ್ಲಿದ್ದುವು.

ಸಂತ ಆಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ನೆನಪನ್ನು ವಿಶಾಲವಾದ ಅರಮನೆಗೆ ಹೋಲಿಸಿದ್ದಾರೆ. ಅದನ್ನು ಓದಿ ತಲೆದೂಗಿದವರಲ್ಲಿ ನಾನೂ ಒಬ್ಬ. ಈಗ ನನಗೆ ಹೆಚ್ಚು ಹತ್ತಿರವಾಗಿರುವುದು ಅದರ ಹಿಂದಿನ, ಒಂಬತ್ತನೆಯ ಭಾಗ. ಅವರ ತಾಯಿ ಸಂತ ಮೋನಿಕಾ ಆಫ್ರಿಕದ ತಗಸ್ತೆಯವರು. ಊರಿನಲ್ಲಿ ಗಂಡನ ಸಮಾಧಿಯ ಪಕ್ಕದಲ್ಲಿಯೇ ತಮ್ಮನ್ನೂ ಮಣ್ಣು ಮಾಡಬೇಕೆಂದು ಬಹುದಿನ ಆಸೆಪಟ್ಟು ಜಾಗವನ್ನೂ ಸಿದ್ಧಪಡಿಸಿದ್ದರು. ಊರಿಗೆ ಮರಳುವ ದಾರಿಯಲ್ಲಿ, 387ರಲ್ಲಿ, ರೋಮಿನ ಬಳಿಯ ಓಸ್ತಿಯ ಬಂದರಿನಲ್ಲಿ ಜ್ವರ ಬಂದು ಮಲಗಿದರು. ಆಗ ಮಕ್ಕಳಿಗೆ ತಮ್ಮ ದೇಹದ ಚಿಂತೆ ಬೇಡವೆಂದೂ, ಎಲ್ಲಿದ್ದರೂ ಪೂಜಾಪೀಠದ ಬಳಿ ತಮ್ಮನ್ನು ನೆನೆದರೆ ಸಾಕೆಂದೂ ಹೇಳಿದರು. ಮಗನಿಗೆ ಆಶ್ಚರ್ಯ. ಅಷ್ಟು ಬಲವಾದ ಆಸೆ ತಾಯಿಯ ಹೃದಯದಿಂದ ಯಾವಾಗ ಜಾರಿಹೋಯಿತೆಂಬುದು ಅವನಿಗೆ ತಿಳಿದೇ ಇರಲಿಲ್ಲ. ನಮ್ಮ ತಂದೆ ತಾಯಿಗಳ ಸಮಾಧಿಗಳ ಮೇಲೂ ಆ ವರ್ಷ ನೀರು ಹರಿದು ಮರದ ಶಿಲುಬೆಗಳು ತೇಲಿಹೋದುವು. ನಾನು ಅಳುತ್ತ ನಿಂತೆ. ಅಕ್ಕ ಎರಡು ಕಟ್ಟಿಗೆ ತಂದು ಹಗ್ಗದಿಂದ ಬಿಗಿದು ನೆಟ್ಟು, ನಡೆ, ಹೊತ್ತಾಯಿತು ಎಂದಳು.

ನಮ್ಮ ಸೀಮೆಯಲ್ಲಿ ಮನೆ ಬಿಡುವುದೇನೂ ಹೊಸ ಮಾತಲ್ಲ. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ, ನಾನು ಹುಟ್ಟಿದ 1946ರಲ್ಲಿಯೇ ಹುಟ್ಟಿದ ಬಾಲಕನೊಬ್ಬ 1968ರಲ್ಲಿ ಅಜ್ಮೇರದಲ್ಲಿ ಮುನಿದೀಕ್ಷೆ ಪಡೆದು ಆಚಾರ್ಯ ವಿದ್ಯಾಸಾಗರರಾದರು. ತಂದೆ ತಾಯಿಯರೂ ಇಬ್ಬರು ತಮ್ಮಂದಿರೂ ಅದೇ ದಾರಿ ಹಿಡಿದರು. 2024ರ ಫೆಬ್ರವರಿ 18ರಂದು ಅವರು ಛತ್ತೀಸಗಢದ ಡೋಂಗರಗಢದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಸುದ್ದಿ ಬಂದಾಗ ನಮ್ಮ ನೆರೆಯ ಜೈನ ಬಾಂಧವರೊಡನೆ ನಾನೂ ಕೈಮುಗಿದೆ. ಅವರ ಧರ್ಮ ಬೇರೆ, ನಮ್ಮದು ಬೇರೆ. ಆದರೆ ಅದಕ್ಕಿಂತ ದೊಡ್ಡ ಅಂತರ ನನಗೆ ಕಂಡುದು ಇನ್ನೊಂದು: ಅವರು ಪ್ರಾಯದಲ್ಲಿ ತಾವಾಗಿ ಬಿಟ್ಟು ಹೊರಟವರು. ನಾನು ಸಂತ ಪೇತ್ರನ ಸಾಲಿನವನು. ತಿಬೇರಿಯ ಸರೋವರದ ದಡದಲ್ಲಿ ಪ್ರಭು ಅವನಿಗೆ ತಿಳಿಸಿದಂತೆ, ಮುಪ್ಪಿನಲ್ಲಿ ಬೇರೊಬ್ಬರು ನಡು ಕಟ್ಟಿ, ಮನಸ್ಸಿಲ್ಲದ ಕಡೆಗೆ ಕರೆದೊಯ್ಯುವಾಗ ಮಾತ್ರ ಏಳುವವನು.

ಆ ಸಲ ಪೂರ್ಣ ಕುಸಿದ ಮನೆಗಳಿಗೆ ಸರಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಕಾಗದ ಬಂದ ದಿನವೇ ಸಹಿ ಹಾಕಿದೆ. ಉಳಿದ ಗೋಡೆಗಳನ್ನು ಕೆಡವಿಸುವಾಗ ನಾನೂ ಇರಬೇಕೆಂದು ಅಕ್ಕ ಹೇಳಿಕಳಿಸಿದಳು, ಹೋದೆ. ಬೇವಿನ ತೊಲೆಗಳಲ್ಲಿ ಮೂರು ಗಟ್ಟಿಯಾಗಿದ್ದವು. ಉಳಿದವನ್ನು ಗೆದ್ದಲು ಒಳಗಿಂದ ತಿಂದು ಬರಿ ಸಿಪ್ಪೆ ಬಿಟ್ಟಿತ್ತು. ಇಷ್ಟು ವರ್ಷ ಅವಳು ಮಲಗಿದ್ದುದು ಅವುಗಳ ಕೆಳಗೆ. ಹೊಸ್ತಿಲಿನ ಕಲ್ಲನ್ನು ನಿಪ್ಪಾಣಿಗೆ ಒಯ್ಯಬೇಕೆಂದಿದ್ದೆ. ಅವಳು ಅದನ್ನು ಹೊಸ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಳು. ಮೊದಲು ಮನಸ್ಸಿಗೆ ಚುಚ್ಚಿತು. ಈಗ ಆ ಕಲ್ಲಿಗೆ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ ಎನಿಸುತ್ತದೆ.

ಹೊಸ ಮನೆ ಎರಡು ಕೋಣೆಯದು, ಸಿಮೆಂಟಿನ ಛತ್ತು. ಬೇಸಿಗೆಯಲ್ಲಿ ಕಾಯುತ್ತದೆ, ಹಳೆಯ ಮನೆಯ ತಂಪು ಇಲ್ಲ. ಇದನ್ನು ಅಕ್ಕನೂ ಒಪ್ಪುತ್ತಾಳೆ. ಆದರೆ 2021ರ ಜುಲೈನಲ್ಲಿ ಹೊಳೆ ಮತ್ತೆ ಏರಿದಾಗ ಅವಳು ತನ್ನ ಮಂಚದ ಮೇಲೆ ನಿದ್ರಿಸಿದಳು. ಶಿಲುಬೆಯನ್ನು ಅಡಿಗೆಯ ಒಲೆಯ ನೇರಕ್ಕೆ ಇಟ್ಟಿದ್ದಾಳೆ.

ಈಗ ನನ್ನ ಸರದಿ. ಮಗ ಸೊಸೆ ಪುಣೆಯಲ್ಲಿದ್ದಾರೆ. ನಿಪ್ಪಾಣಿಯ ಮನೆಯಲ್ಲಿ ಒಬ್ಬನೇ ಇರುವುದು ಬೇಡವೆಂದು ಎರಡು ವರ್ಷದಿಂದ ಹೇಳುತ್ತಿದ್ದಾರೆ. ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವರ ಮಾತಿಗೆ ಉತ್ತರ ಕೊಡುವ ಶಕ್ತಿಯೂ ನನ್ನಲ್ಲಿ ಉಳಿದಿಲ್ಲ. ಶತಮಾನೋತ್ಸವ ಮುಗಿಯುವವರೆಗೆ ಬಿಡುವು ಕೇಳಿದೆ, ಕೊಟ್ಟರು. ಕಳೆದ ವಾರ ಅಕ್ಕನಿಗೆ ಫೋನಿನಲ್ಲಿ ತಿಳಿಸಿದೆ. ಪುಸ್ತಕಗಳನ್ನು ಏನು ಮಾಡಲಿ, ಅವಳ ಭಾವಚಿತ್ರಗಳನ್ನು ಏನು ಮಾಡಲಿ ಎಂದು ನಾನು ಒಂದೊಂದಾಗಿ ಎಣಿಸುತ್ತಿದ್ದೆ. ಅವಳು ನಡುವೆ ತಡೆದು ಕೇಳಿದಳು: "ಅಲ್ಲಿ ಬಚ್ಚಲದಾಗ ಹಿಡ್ಕೊಳ್ಳಾಕ ಏನರ ಐತೇನ ತಮ್ಮಾ?" ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎಂದೆ. ಮಗನಿಗೆ ಕೇಳಿದೆ. ಹಾಕಿಸಿದ್ದಾನಂತೆ.